ಸೊನ್ನೆ

ಮೊದಲ ಫ್ಯಾನ್ ಬಂದ್ ಮಾಡಬೇಕು.
ಮೇ ತಿಂಗಳು, ಕಲಬುರಗಿ, ಮಧ್ಯಾಹ್ನ ಎರಡೂವರೆ,
ಗಂಜಿನ ಡಾಂಬರಿಗೆ ಚಪ್ಪಲಿ ಹತ್ತಿಕೊಳ್ಳೋ ಹೊತ್ತು.
ಬಂದ ಗಿರಾಕಿ ಬಾಗಿಲದಾಗೇ ನಿಂತು ಕೇಳ್ತಾರ:
ಕರೆಂಟ್ ಹೋಗ್ಯಾದೇನವಾ?
ಇಲ್ರಿ, ಅದ.
ಗಸಗಸೆಯಂಥ ಕೆಪ್ಯಾಸಿಟರ್ ಹಾರಿದರ
ನೆಲ ಗುಡಿಸಿದರೂ ಸಿಗಂಗಿಲ್ಲ.
ಒಂದು ಗಾಳಿ ಕೆಲಸಕ್ಕ ಕುಂತಾಗ
ಇನ್ನೊಂದು ಗಾಳಿ ಸುಮ್ಮನಿರಬೇಕು.

ಹಿಂಗಂತ ಕಲಿಸಿದವರು ಬಾಷುಮಿಯಾ ಉಸ್ತಾದರು.
ರೇಡಿಯೋ ಕಾಲದವರು. ಈಗ ಎರಡೂ ಕಣ್ಣಿಗೆ ಪೊರಿ,
ಮೂಗು ಮಾತ್ರ ಚುರುಕು.
ಹೊರಗ ಕಟ್ಟೆ ಮ್ಯಾಲ ಕುಂತೇ ಕೂಗ್ತಾರ:
ಫ್ಲಕ್ಸ್ ಸುಡ್ಲಕತ್ತದ ನೀಲಾವತಿ,
ಮುನ್ನೂರ ಎಂಬತ್ತಕ್ಕ ಇಟ್ಟೀಯೇನು, ಇಳಸು.
ಇಳಸ್ತೀನಿ. ಮುನ್ನೂರ ಎಂಬತ್ತೇ ಇರ್ತದ.

ಇವತ್ತಿಂದು ಮೊಬೈಲಲ್ಲ, ತಕ್ಕಡಿ.
ಸಂಗಶೆಟ್ಟಿ ಸಾಹುಕಾರ್ರ ಬೇಳೆ ಅಂಗಡೀದು,
ತುಕ್ಕಪ್ಪ ತಲಿ ಮ್ಯಾಲ ಹೊತ್ಕೊಂಡು ಬಂದಾನ.
ಖಾಲಿ ತಾಟು. ತೋರಸೂದು ಮೈನಸ್ ನಲವತ್ತು ಗ್ರಾಂ.
ಎಂದಿನಿಂದ, ಅಂದೆ.
ಅವ ಛತ್ತು ನೋಡಿದ.
ಎರಡು ವರ್ಷ ನಲವತ್ತು ಹೆಚ್ಚಿಗಿತ್ತವಾ,
ಮೊನ್ನೆ ಗುರುವಾರ ಕಡಿಮಿ ಆಯ್ತು.
ಶುಕ್ರವಾರ ಮುಂಜಾನೇನೇ
ಕಳಿಸಿಬಿಟ್ಟರು ನೋಡು.

ತೂಕ ಓದೋ ಚಿಪ್ಪು ಹದಿನಾರು ಕಾಲಿನ ಕರೇ ಹುಳ.
ಸುತ್ತಲಿನ ಪ್ಲಾಸ್ಟಿಕ್ಕಿಗೆ ಹಳದಿ ಟೇಪು,
ಬಿಸಿಲಿಗೆ ಸೆರಗು ಹೊದ್ದಂಗ.
ಗಾಳಿ ಮೂರಕ್ಕ, ಶಾಖ ಮುನ್ನೂರೈವತ್ತಕ್ಕ,
ಒಂದೇ ಕಡೆ ಹಿಡೀದೆ
ದೂರದಿಂದ ಸುತ್ತಬೇಕು, ದೃಷ್ಟಿ ತೆಗದಂಗ,
ಸುತ್ತತಾ ಸುತ್ತತಾ ಹತ್ತರ ಬರಬೇಕು.
ಹೆಂಚಿನ ಮ್ಯಾಲ ರೊಟ್ಟಿ ಉಬ್ಬಿದರ ಚಲೋ;
ಬೋರ್ಡ್ ಉಬ್ಬಿದರ ಸತ್ತಂಗ.

ಮೊದಲನೇ ವರ್ಷ ಒಂದು ಉಬ್ಬಿಸಿದ್ದೆ.
ನರ್ಸ್ ಒಬ್ಬಾಕಿ ಫೋನು,
ಅದರಾಗ ಆಕಿ ಅಣ್ಣನ ದನಿ ಇತ್ತಂತ.
ರೊಕ್ಕ ಬ್ಯಾಡ ಅಂದು ಹೋದಳು.
ಆ ಬೋರ್ಡ್ ಮೇಜಿನ ಖಾನೆದಾಗ ಅದ,
ಸ್ಕ್ರೂ ಹುಡುಕುವಾಗ ಕೈಗೆ ತಾಕ್ತದ.

ಬೂದಿ ಬಣ್ಣದ ತವರ ಒಮ್ಮೆಲೇ ಮಿಂಚ್ತದ.
ಅದೇ ಗಳಿಗೆ. ಅದಕ್ಕೂ ಮೊದಲ ಎಳದರ
ಕೆಳಗಿನ ತಾಮ್ರ ಸಿಪ್ಪಿ ಸಮೇತ ಕಿತ್ತು ಬರ್ತದ.
ಚಿಮಟಿಗಿಲೆ ಸಣ್ಣಗ ದೂಡಿದೆ.
ಅಲುಗಿತು. ಎತ್ತಿದೆ. ಎದ್ದು ಬಂತು.

ಹೊಸಾದು ಇಟ್ಟಾಗ ಕೂದಲೆಳೆಯಷ್ಟು ವಾರೆ ಇತ್ತು.
ಇರಲಿ.
ತವರ ಕರಗಿದ ಕೂಡಲೆ
ತಾನೇ ಎಳಕೊಂಡು ಸರಿಗಿ ಕೂಡಿಸ್ಕೊಂತು,
ಹದಿನಾರೂ ಕಾಲು ಅದರದರ ಜಾಗಾದಾಗ.
(ತವರ ಅಂದ್ರ ತವರುಮನಿ ಅಂದ್ಕೊಂಡಿದ್ದಳು
ನನ್ನ ತಂಗಿ, ಸಣ್ಣಾಕಿ ಇದ್ದಾಗ.
ತಪ್ಪು ಅಂತ ತಿದ್ದಲಿಕ್ಕೆ ಹೋಗಿಲ್ಲ.)
ನಾಕು ವರ್ಷದಿಂದ ನೋಡ್ತೀನಿ ಇದನ್ನ.
ಇನ್ನೂ ಆ ಹೊತ್ತಿಗೆ ಉಸಿರು ಹಿಡೀತೀನಿ.

ಸಾಹುಕಾರ್ರು ಅಂದಾರ, ಅಂದ ತುಕ್ಕಪ್ಪ,
ಮೊದಲಿನಂಗ ಮಾಡಿಕೊಡು ಅಂತ.
ಮೊದಲಿನಂಗ ಅಂದ್ರ ಎಂದಿನಂಗ?
ಮತ್ತ ಛತ್ತು ನೋಡಿದ.
ಅಲ್ಲಿ ಫ್ಯಾನಿನ ಮೂರು ರೆಕ್ಕಿ ನಿಂತೇ ಇದ್ದವು.
ಕಟ್ಟೆ ಮ್ಯಾಲಿಂದ ಉಸ್ತಾದರು ಕೆಮ್ಮಿದರು,
ಅದು ಬೀಡಿ ಕೆಮ್ಮಲ್ಲ.

ಕಿಲೋದ ಕಬ್ಬಿಣದ ಕಲ್ಲು ಇಟ್ಟೆ: ಸಾವಿರ.
ತೆಗದೆ: ಸೊನ್ನೆ.
ಚೀಟಿ ಮ್ಯಾಲ ಬರದೆ,
ಚಿಪ್ಪು, ಕೂಲಿ, ಒಟ್ಟು ಮುನ್ನೂರ ಎಪ್ಪತ್ತು.
ತುಕ್ಕಪ್ಪ ಚೀಟಿ ಮಡಚಿ ಕಿಸೆದಾಗಿಟ್ಟ,
ಆಮ್ಯಾಲ ತನ್ನ ರುಮಾಲು ತಾಟಿನ ಮ್ಯಾಲಿಟ್ಟು ನೋಡಿದ,
ಬೆವರು ಸಮೇತ ಇನ್ನೂರ ಹತ್ತು.
ನಕ್ಕ.

ಬಂದ್ ಮಾಡಿದ ಮ್ಯಾಲೂ ಯಂತ್ರ ಊದ್ತದ,
ತನ್ನೊಳಗಿನ ಬಿಸಿ ನೂರಕ್ಕಿಳಿಯೋ ತನಕ.
ಅದು ಸುಮ್ಮನಾದ ಮ್ಯಾಲ ಫ್ಯಾನ್ ಹಾಕಿದೆ.
ಖಾಲಿ ತಾಟಿನ ಮ್ಯಾಲ ಗಾಳಿ ಬಿತ್ತು.
ಎರಡು ಗ್ರಾಂ. ಸೊನ್ನೆ.
ಎರಡು ಗ್ರಾಂ.
ಸೊನ್ನೆ.